ಐದನೆಯ ಲೋಟ

ಐದನೆಯ ಲೋಟಕ್ಕೆ ಮೂಗಿಟ್ಟ ಮಾವ, "ಇದೇ. ಇದನ್ನೇ ಇಟ್ಕೊಳ್ಳಿ," ಅಂದುಬಿಟ್ಟರು. ತೊಳೆಯುವ ತೊಟ್ಟಿಯ ಪಕ್ಕ ನಿಂತಿದ್ದ ಸೊಸೆಗೆ ಬಾಯಿಗೆ ಬಂದಿದ್ದ ಜೀವ ಮತ್ತೆ ಒಳಗೆ ಹೋಯಿತು. ಐದನೆಯದು ಅವಳದು.

ಆ ಬಿಯರ್ ಕಾರ್ಖಾನೆಯ ಯೀಸ್ಟ್ ತಳಿಗಳನ್ನು ಕಾಯುವವಳು ಅವಳೇ. ಸೊನ್ನೆಗಿಂತ ಎಂಬತ್ತು ಡಿಗ್ರಿ ಕೆಳಗಿನ ಫ್ರೀಜರಿನೊಳಗೆ, ಕಿರುಬೆರಳುದ್ದದ ಸೀಸೆಗಳಲ್ಲಿ ನಿದ್ದೆ ಹೊಡೆಯುವ ನೂರಾರು ಯೀಸ್ಟುಗಳಿಗೆಲ್ಲ ಅವಳೇ ತಾಯಿ. ವರ್ಷಗಟ್ಟಲೆ ದುಡಿದ ಹಳೆಯ ತಳಿ ಈಚೆಗೆ ಸೋತುಹೋಗಿತ್ತು; ಬಿಯರ್ ಹುದುಗಿಸುವ ಕೆಲಸವನ್ನು ಅರ್ಧಕ್ಕೇ ಬಿಟ್ಟು ತಳ ಸೇರಿ ಮಲಗಿಬಿಡುತ್ತಿತ್ತು. ಅದರ ಜಾಗಕ್ಕೆ ಆರು ಉಮೇದುವಾರರು. ಗೆದ್ದದ್ದಕ್ಕೆ ಫ್ರೀಜರಿನಲ್ಲಿ ಗೂಡು, ಸೋತವಕ್ಕೆ ಕುದಿಯುವ ಆವಿಯ ಪಾತ್ರೆ. ಐದನ್ನು ಹೊರಗಿನಿಂದ ತರಿಸಿದ್ದರು. ಉಳಿದ ಒಂದನ್ನು ಅವಳು ಕಾರ್ಖಾನೆಯ ಹಿಂದಿನ ಮರದಡಿ ಬಿದ್ದ ಹಣ್ಣಿನ ಸಿಪ್ಪೆಯಲ್ಲಿ ಹುಡುಕಿ, ನಾಲ್ಕು ವರ್ಷ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಬೆಳೆಸಿ, ಆರಿಸಿ, ಮತ್ತೆ ಬೆಳೆಸಿದ್ದಳು. ಅದು ಸೋತಿದ್ದರೆ ಅಷ್ಟೂ ವರ್ಷ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ.

ತೀರ್ಪು ಮಾತ್ರ ಯಾವತ್ತೂ ಮಾವನದು. ಮೂವತ್ತು ವರ್ಷದಿಂದ ತೀರ್ಪುಗಾರರ ಕುರ್ಚಿಯಲ್ಲಿ ಕೂತು ಮೂಸುತ್ತಿದ್ದ ಅವರನ್ನು ಕೆಲಸಗಾರರು ಪ್ರೀತಿಯಿಂದ ಮೂಗಪ್ಪ ಎನ್ನುತ್ತಿದ್ದರು. ಯಾವ ಲೋಟದಲ್ಲಿ ಯಾವ ತಳಿಯ ಬಿಯರ್ ಎಂಬುದು ಸುರಿದವರಿಗಷ್ಟೇ ಗೊತ್ತು. ಸುರಿದವರು ಆಮೇಲೆ ಕೋಣೆಯಲ್ಲಿ ಇರಬಾರದು ಎಂಬ ನಿಯಮವೇನೋ ಇತ್ತು. ಇವತ್ತು ಸುರಿದವಳು ಸೊಸೆ; ಆದರೂ ಮಾವನೇ, ಇರಲಿ ಬಿಡಿ, ನೋಡಿ ಕಲಿಯಲಿ ಎಂದು ಅವಳನ್ನು ಉಳಿಸಿಕೊಂಡಿದ್ದರು.

ಲವಂಗದ ವಾಸನೆಯಿದೆ, ಚೆನ್ನಾಗಿ ಮಾಗಿದ ಹಣ್ಣಿನದೂ ಇದೆ ಎಂದು ಮಾವ ವರ್ಣಿಸಿದರು. ಎದುರಿಗೆ ಕೂತಿದ್ದ ಮ್ಯಾನೇಜರ್ ಎಲ್ಲವನ್ನೂ ಬರೆದುಕೊಂಡು, ಮಾಲೀಕರಿಗೆ ಫೋನಿನಲ್ಲಿ ತಿಳಿಸಿ ಬರುತ್ತೇನೆಂದು ಹೊರಗೆ ಹೋದರು.

ಅವಳಿಗೆ ಕುಣಿಯುವಷ್ಟು ಖುಷಿಯಾಗಿತ್ತು. ಆ ಖುಷಿ ಎರಡು ನಿಮಿಷವೂ ಬಾಳಲಿಲ್ಲ. ಲವಂಗ, ಮಾಗಿದ ಹಣ್ಣು: ಇವು ಊಟಕ್ಕೆ ಕೂತಾಗಲೆಲ್ಲ ಅವಳೇ ಹೇಳಿ ಹೇಳಿ ಮನೆಯವರ ತಲೆ ತಿಂದಿದ್ದ ಮಾತುಗಳು. ಮೊದಲೆಲ್ಲ ಮಾವ ಲೋಟವನ್ನು ಅಂಗೈಯಲ್ಲಿ ಬೆಚ್ಚಗೆ ಮಾಡಿ ಇನ್ನೊಮ್ಮೆ ಮೂಸದೆ ಬಾಯಿ ಬಿಡುತ್ತಿರಲಿಲ್ಲ. ಇವತ್ತು ತಣ್ಣಗಿದ್ದಾಗಲೇ ಕೆಲಸ ಮುಗಿಸಿದ್ದರು. ಅದೂ ಹೋಗಲಿ, ಬೆಳಿಗ್ಗೆ ಅವರು ಒಲೆಯ ಪಕ್ಕದಲ್ಲೇ ಪೇಪರ್ ಓದುತ್ತ ಕೂತಿದ್ದಾಗ ಹಾಲು ತಳ ಹಿಡಿದು ಸೀದಿತ್ತು. ಮನೆಯೆಲ್ಲ ಕಮಟು. ಅವಳು ಓಡಿಬಂದು ಕಿಟಕಿ ತೆರೆದರೆ, ಈ ಚಳಿಯಲ್ಲಿ ಕಿಟಕಿ ಯಾಕಮ್ಮ ಎಂದು ಕೇಳಿದ್ದರು.

ಸುಮ್ಮನಿದ್ದರೆ ಗೆದ್ದ ಹಾಗೆ. ಅದು ಅವಳಿಗೂ ಗೊತ್ತಿತ್ತು. ಆದರೂ ಮನಸ್ಸು ಕೇಳಲಿಲ್ಲ. "ಮಾವ, ಎರಡನೇ ಸಲ ನೋಡೋದೂ ನಿಯಮ ಅಲ್ವಾ?" ಎಂದು ಹೊಸ ಲೋಟಗಳಿಗೆ ಸುರಿದು, ಜಾಗ ಅದಲುಬದಲು ಮಾಡಿಟ್ಟು, ತೊಟ್ಟಿಯ ಕಡೆ ತಿರುಗಿ ನಿಂತಳು.

ಬೆನ್ನ ಹಿಂದೆ ಒಂದು ಲೋಟ ಎತ್ತಿದ ಸದ್ದು, ಇಟ್ಟ ಸದ್ದು. ಇನ್ನೊಂದು ಲೋಟ. ಮತ್ತೆ ಎತ್ತಿದ ಸದ್ದು, ಇಟ್ಟ ಸದ್ದು.

"ಸ್ವಲ್ಪ ಈ ಕಡೆ ತಿರುಗಮ್ಮ," ಎಂದರು ಮಾವ.

ಅವಳು ತಿರುಗಲಿಲ್ಲ. ಕಣ್ಣು ತುಂಬಿಕೊಂಡಿತ್ತು, ಅದನ್ನು ಅವರು ನೋಡುವುದು ಬೇಡವಾಗಿತ್ತು.

ಗುಟ್ಟು ಬಯಲಾಯಿತೆಂದು ಮಾವನಿಗೆ ಅರ್ಥವಾಯಿತು. ಮೂರು ತಿಂಗಳ ಹಿಂದೆ ಜ್ವರ ಬಂದಿತ್ತಲ್ಲ, ಅದು ಹೋಗುವಾಗ ಮೂಗನ್ನೂ ಕರೆದುಕೊಂಡು ಹೋಯಿತು ಎಂದರು. ಇವತ್ತು ಬರುತ್ತೆ, ನಾಳೆ ಬರುತ್ತೆ ಎಂದು ಕಾದರಂತೆ. ಮೂಗಿಲ್ಲದ ಮೂಗಪ್ಪ ಎನಿಸಿಕೊಳ್ಳಲು ನಾಚಿಕೆಯಾಗಿ ಯಾರಿಗೂ ಹೇಳಿರಲಿಲ್ಲ. "ಐದನೇ ಲೋಟ ಎತ್ತಿದಾಗ ನೀನು ಉಸಿರೇ ಬಿಡ್ಲಿಲ್ಲ. ನಾನು ಮೂಸಿದ್ದು ಬಿಯರನ್ನಲ್ಲಮ್ಮ, ನಿನ್ನ ಮುಖಾನ."

ಹಾಗೆಂದವರು ಎದ್ದು, ತಮ್ಮ ಕುರ್ಚಿಯನ್ನು ಅವಳ ಕಡೆ ಎಳೆದರು. ಕೂತು ಕಣ್ಣು ಮುಚ್ಚಿಕೋ ಎಂದರು. ತಾವೇ ಲೋಟಗಳನ್ನು ಹಿಂದೆ ಮುಂದೆ ಮಾಡಿ ಒಂದೊಂದಾಗಿ ಅವಳ ಕೈಗಿತ್ತರು. ಅವರು ಕಲಿಸಿದ್ದಂತೆಯೇ ಅವಳು ಪ್ರತಿಯೊಂದನ್ನೂ ಅಂಗೈಯಲ್ಲಿ ಬೆಚ್ಚಗಾಗಲು ಬಿಟ್ಟಳು. ತನ್ನದನ್ನು ಗುರುತು ಹಿಡಿಯಲು ಅವಳಿಗೆ ಕಣ್ಣು ಬೇಕಿರಲಿಲ್ಲ. ಮೊದಲು ಲವಂಗ, ಹಣ್ಣು. ಬೆಚ್ಚಗಾಗುತ್ತ ಹೋದಂತೆ ಅವುಗಳ ಹಿಂದಿನಿಂದ ಬೆಂಕಿಕಡ್ಡಿ ಗೀರಿದಂಥ, ಬಿಯರಿನಲ್ಲಿ ಇರಬಾರದ ವಾಸನೆ. ಲ್ಯಾಬಿನಲ್ಲೂ ಎರಡು ಮೂರು ಸಲ ಬಂದಿತ್ತು ಅದು. ಆಗೆಲ್ಲ ಅವಳು, ಹೊರಗಿನಿಂದ ಬರುತ್ತಿರಬೇಕು ಎಂದುಕೊಂಡು ಕಿಟಕಿ ಮುಚ್ಚಿದ್ದಳು. ಕೊನೆಯ ಲೋಟದಲ್ಲಿ ಅಂಥ ಜಂಬವೇನೂ ಇರಲಿಲ್ಲ. ಈಗಷ್ಟೇ ಬೆಂದ ಬ್ರೆಡ್ಡಿನ ವಾಸನೆ, ಎಷ್ಟು ಬೆಚ್ಚಗಾದರೂ ಅದೇ.

ಹೊರಗೆ ಮ್ಯಾನೇಜರರ ಬೂಟಿನ ಸದ್ದು ಹತ್ತಿರವಾಗುತ್ತಿತ್ತು. ಅವಳು ಕಣ್ಣು ತೆರೆದು ಕೊನೆಯ ಲೋಟವನ್ನು ಮುಂದಕ್ಕೆ ಸರಿಸಿದಳು.

"ಇದು, ಮಾವ."

"ನಿಂದು ಯಾವುದು?"

ಪಕ್ಕದ ಲೋಟವನ್ನು ಮುಟ್ಟಿ ತೋರಿಸಿದಳು.

ಮಾವ ಎರಡೂ ಲೋಟಗಳನ್ನು ನೋಡಿದರು. ಅವಳ ಮುಖವನ್ನು ಮಾತ್ರ ಈ ಸಲ ನೋಡಲಿಲ್ಲ. "ಹಾಗಾದ್ರೆ ಆ ಕುರ್ಚಿಯಿಂದ ಏಳ್ಬೇಡ," ಎಂದು, ಮ್ಯಾನೇಜರಿಗೆ ಬಾಗಿಲು ತೆಗೆಯಲು ತಾವೇ ನಡೆದರು.