ಉಸಿರಿನ ಪಂದ್ಯ

ತಿಂಗಳು ತುಂಬುವ ಎಷ್ಟೋ ಮೊದಲೇ ಹುಟ್ಟಿದ್ದ ಮಗು. ಅಂದು ಮೂಗಿಗೆ ನಳಿಕೆ ಇಟ್ಟು ಉಸಿರು ಕೊಟ್ಟಿದ್ದ ಡಾಕ್ಟರ ಬಳಿಗೆ ಮೂರು ವರ್ಷದ ಮೇಲೆ ತಾಯಿ ಮಗುವನ್ನು ಎತ್ತಿಕೊಂಡು ಓಡಿ ಬಂದಳು.

"ಮಗಳ ಉಸಿರು ಮತ್ತ ನಿಲ್ಲಾಕತ್ತೈತ್ರೀ ಡಾಕ್ಟ್ರ!"

"ಯಾವಾಗ?"

"ಕೇಳಿದ್ದು ಕೊಡದಿದ್ದಾಗ್ರೀ. ನಮಗ ಜೀವಾ ಹೋದಂಗ ಆಗ್ತೈತಿ, ಕೊಟ್ಟಬಿಡ್ತೀವಿ."

"ಬುದ್ಧಿ ಚಲೋ ಬೆಳದೈತಿ ಬಿಡ್ರಿ," ಡಾಕ್ಟರು ನಕ್ಕರು.

ಮಗು ಅವರ ಸ್ಟೆತಾಸ್ಕೋಪಿಗೆ ಕೈ ಚಾಚಿತು.

"ಕೊಡಂಗಿಲ್ಲ."

ಮಗು ಬಾಯಿ ಮುಚ್ಚಿ ಕೆನ್ನೆ ಉಬ್ಬಿಸಿತು.

"ಕೊಟ್ಟಬಿಡ್ರೀ!" ತಾಯಿ ಅಂಗಲಾಚಿದಳು.

"ತಡೀರಿ ಅಕ್ಕಾರ, ನಾನೂ ಉಸಿರು ಹಿಡೀತೀನಿ. ಯಾರು ಮೊದಲು ಬಿಡ್ತಾರ ನೋಡೂಣು."

ಇಬ್ಬರ ಮುಖವೂ ಕೆಂಪೇರಿತು. ಕೊನೆಗೊಮ್ಮೆ ಭುಸ್ಸೆಂದು ಉಸಿರು ಹೊರಬಿತ್ತು.

ಡಾಕ್ಟರು ಏದುತ್ತ, ಕೊರಳಿನ ಸ್ಟೆತಾಸ್ಕೋಪ್ ತೆಗೆದು ಮಗುವಿನ ಕೈಗಿಟ್ಟರು.