ಸುಂಗುರ್ ಬೇಯ ಅತಿಥಿಗಳು

ಯುದ್ಧದಲ್ಲಿ ಸತ್ತವನು ಅದೇ ಸಂಜೆ ತನ್ನನ್ನು ಕೊಂದವನ ಡೇರೆಗೆ ಅತಿಥಿಯಾಗಿ ಬಂದು ಕೂರುವುದು ಆ ಹುಲ್ಲುಗಾವಲಿನ ತುರ್ಕರಿಗೆ ಹೊಸದೇನಲ್ಲ. ಬಂದ ಅತಿಥಿಯನ್ನು ಏಳು ಎನ್ನುವಂತಿಲ್ಲ, ಅದು ಕುಲಾಚಾರ. ಸತ್ತವರಿಗೋ ಎದ್ದು ಹೋಗುವ ಅವಸರವೇ ಇರುವುದಿಲ್ಲ.

ಹೀಗಾಗಿ ಮಹಾಶೂರನೆಂದು ಹೆಸರಾದ ಕುಲನಾಯಕ ಸುಂಗುರ್ ಬೇ ತನ್ನದೇ ಡೇರೆಯ ಬಾಗಿಲಲ್ಲಿ, ಬೂಟುಗಳ ರಾಶಿಯ ಪಕ್ಕ ಮುದುಡಿ ಕೂತಿದ್ದ. ಒಳಗೆ ಅವನು ಕೊಂದವರೆಲ್ಲ ಮೆತ್ತೆಗೊರಗಿ, ಹುಳಿಬಂದ ಕುದುರೆ ಹಾಲು ಹೀರುತ್ತ, ಅವನ ಕತ್ತಿವರಸೆಯಲ್ಲಿ ಹುಳುಕು ಹುಡುಕುತ್ತಿದ್ದರು.

“ನಾಳೆ ಕರಾಜಾ ಬೇ ಮೇಲೆ ಯುದ್ಧ” ಎಂದ ಸುಂಗುರ್, ಹೆಂಡತಿಗೆ ಮಾತ್ರ ಕೇಳುವಂತೆ.

“ಗೆದ್ದು ಬಂದ್ರೆ ನೋಡಿ, ನಾನು ತವರಿಗೆ ಹೊರಟೆ!” ಸೆಲ್ಜಾನ್ ಸೌಟು ಕುಟ್ಟಿದಳು. “ಇರೋ ಹೆಣಗಳಿಗೇ ಸಾರು ಸಾಲ್ತಾ ಇಲ್ಲ.”

ಬೆಳಿಗ್ಗೆ ದಂಡುಗಳು ಎದುರಾದವು. ಅಪ್ಪಿತಪ್ಪಿ ಯಾರನ್ನಾದರೂ ಕೊಂದುಬಿಟ್ಟೇನೆಂದು ಸುಂಗುರ್ ಕತ್ತಿಯನ್ನು ಮನೆಯಲ್ಲೇ ಬಿಟ್ಟು ಬಂದಿದ್ದ. ಮುದುಕ ಕರಾಜಾ ಕುದುರೆಯಿಂದ ಇಳಿದು ಬಂದು, ತನ್ನ ಕತ್ತಿಯನ್ನೇ ಅವನ ಕೈಗಿಟ್ಟು ಕುತ್ತಿಗೆ ಬಾಗಿಸಿದ.

“ನಮ್ಮ ಡೇರೇಲಿ ಕಾಲು ಚಾಚೋಕೂ ಜಾಗ ಇಲ್ಲ, ಹೊಡಿಯಪ್ಪ. ನಿಮ್ಮಲ್ಲಿಗೆ ಬಂದೋನು ಒಬ್ಬನೂ ಎದ್ದು ಹೋಗಿಲ್ಲ ಅಂದ್ರೆ ಸಾರು ಚೆನ್ನಾಗೇ ಇರ್ಬೇಕು.”

ಅವನ ಬೆನ್ನ ಹಿಂದೆ ಇಡೀ ದಂಡು, ಸೊಂಟಕ್ಕೆ ಕಟ್ಟಿದ್ದ ಬಟ್ಟಲು ಬಿಚ್ಚಿ ಹಿಡಿದು, ಸಾಲುಗಟ್ಟಿ ನಿಂತಿತ್ತು.