ಕಟ್ಟೆ ಹತ್ತುವ ಹಾವುಮೀನು

ನಲ್ಲಿಯಲ್ಲಿ ಹೊಸ ನೀರು ಬಂದು ಕೆಮ್ಮಣ್ಣಿನ ವಾಸನೆ ಹೊಡೆದರೆ, ನಾನು ಈಗಲೂ ಒಂದು ಹೆಜ್ಜೆ ಹಿಂದೆ ಸರಿಯುತ್ತೇನೆ.

ಸೋಸಲೆಯ ಹತ್ತಿರ ಹೊಳೆಗೆ ಅಡ್ಡಲಾಗಿ ಒಂದು ಹಳೆಯ ಕಲ್ಲುಕಟ್ಟೆಯಿತ್ತು. ಮಳೆಗಾಲದ ಮೊದಲ ಕೆಂಪು ನೀರು ಇಳಿದಾಗ, ಕೆಳಗಿನಿಂದ ಬರುವ ಹಾವುಮೀನುಗಳು ಮೇಲಕ್ಕೆ ಹೋಗಲು ಅದರ ಸಂದುಗಳಲ್ಲಿ ತೂರುತ್ತಿದ್ದವು. ನನ್ನ ಬಾಲ್ಯದ ಅಂಥ ಒಂದು ಮಧ್ಯಾಹ್ನ ಮಾವ, ಮೀನು ಜಾರದಿರಲೆಂದು ತೋಳಿಗೆ ಒಲೆಬೂದಿ ಬಳಿದುಕೊಂಡು, ಕಟ್ಟೆಯ ಕೆಳಗೆ ಮಂಡಿಯೂರಿ ಒಂದು ಸಂದಿಗೆ ಕೈ ಹಾಕಿದ್ದ. ಮೊದಲು ಹಿಡಿದ ಮೀನು ದಡದ ಬುಟ್ಟಿಯಲ್ಲಿ ಹೊರಳುತ್ತಿತ್ತು.

ಅದುವರೆಗೆ ಕಟ್ಟೆಯ ನಡುವೆ ಹತ್ತುತ್ತಿದ್ದ ಬೆರಳುದ್ದದ ಮರಿಗಳು ಅಂಚಿಗೆ ಸರಿಯುತ್ತಿದ್ದುದನ್ನು ಅವನ ತಾಯಿ, ನನ್ನ ಅಜ್ಜಿ, ನೋಡಿದಳು.

"ಲೇ, ಮರಿ ಎಲ್ಲ ದಡಕ್ ಬತ್ತಾ ಅವೆ. ನೀರ್ ಜೋರಾಯ್ತದೆ, ಎದ್ದೇಳ್ಲಾ."

"ನಿನ್ನ ನೋಡಕ್ ಬತ್ತಾ ಅವೆ ಕಣವ್ವ," ಎಂದು ಮಾವ ನಕ್ಕ.

ಸ್ವಲ್ಪ ಹೊತ್ತಿನಲ್ಲೇ ನೀರು ಅವನ ಎದೆಗೆ ಬಂತು.

"ಮೀನ್ ಬುಡ್ಲಾ."

"ಬುಟ್ಟೆ ಕಣವ್ವ. ಕೈ ಬತ್ತಿಲ್ಲ."

ಅವನ ದನಿ ಅಷ್ಟು ಸಣ್ಣಗಾದದ್ದನ್ನು ನಾನು ಎಂದೂ ಕೇಳಿರಲಿಲ್ಲ. ಬೂದಿಯೂ ಮರಳೂ ಸೇರಿ ತೋಳು ಕಲ್ಲಿಗೆ ಕಚ್ಚಿಕೊಂಡಿತ್ತು.

ಅಜ್ಜಿ ಬುಟ್ಟಿಯ ಮೀನನ್ನು ಎತ್ತಿಕೊಂಡು ನೀರಿಗಿಳಿದಳು. ಅದರ ಮೈಯ ಲೋಳೆಯನ್ನು ಬಾಚಿ ಬಾಚಿ, ಸಂದಿಯೊಳಕ್ಕೆ ಬೆರಳು ತೂರಿಸಿ ಅವನ ತೋಳಿಗೆ ಬಳಿದಳು. ನೀರು ಅವನ ಗಲ್ಲ ಮುಟ್ಟಿದಾಗ ಕೈ ಹೊರಬಂತು.

ದಡ ಹತ್ತಿ ತಿರುಗಿ ನೋಡಿದರೆ ಕಟ್ಟೆಯೇ ಕಾಣಲಿಲ್ಲ. ಅಜ್ಜಿ ನನ್ನ ಕೈ ಹಿಡಿದಳು. ಲೋಳೆಗೆ ಅದು ಜಾರಿದಷ್ಟೂ ಹಿಡಿತ ಬಿಗಿ ಮಾಡುತ್ತ ಊರಿನವರೆಗೆ ನಡೆದಳು.